ಗಂಡ ಬದುಕಿರುವಾಗ: ‘ಇಂದಿರಾಬಾಯಿ’, ‘ಕಮಲಾ’ ಮತ್ತು ಸಂಕಮ್ಮನ ಸಾಲು

1. ಪ್ರಶ್ನೆ

ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಎಣಿಸಲ್ಪಡುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಬಾಲವಿಧವೆಯೊಬ್ಬಳು ಹೆತ್ತವರ ಮನೆಯಿಂದ ಹೊರಬಂದು, ವಿದ್ಯೆ ಕಲಿತು, ಮರುಮದುವೆಯಾಗುವ ಕಥೆ ಅದು. ಬರೆದವರು ಕ್ರೈಸ್ತರಲ್ಲ, ಅಚ್ಚುಮೊಳೆ ಮಾತ್ರ ಮಿಶನ್ನಿನದು. ಆದರೂ ಕರ್ನಾಟಕದ ಕ್ರೈಸ್ತ ಸಭೆಗೆ ಈ ಪುಸ್ತಕದ ಹುಟ್ಟಿನಲ್ಲಿ ತನಗೂ ಒಂದು ಪಾಲಿದೆಯೆಂದು ಸಂತೋಷಪಡಲು ಕಾರಣವಿದೆ.

ಆ ಸಂತೋಷವನ್ನು ಕಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಕಾದಂಬರಿಯನ್ನು ಮರಳಿ ಓದುವಾಗ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ. ಇಂದಿರೆಗೆ ಬಿಡುಗಡೆಯ ದಾರಿ ತೆರೆಯಬೇಕಾದರೆ ಮೊದಲು ಅವಳ ಗಂಡ ಸಾಯಬೇಕಾಯಿತು. ಅವನು ಬದುಕಿದ್ದು, ಅವಳನ್ನು ಹಿಂಸಿಸುತ್ತಿದ್ದರೆ ಆ ಕಥೆ ಹೇಗೆ ನಡೆಯುತ್ತಿತ್ತು? ಹತ್ತೊಂಬತ್ತನೆಯ ಶತಮಾನದ ಸುಧಾರಣಾ ಸಾಹಿತ್ಯಕ್ಕೆ ವಿಧವೆಯ ಕಣ್ಣೀರು ಕಂಡಷ್ಟು ಸ್ಪಷ್ಟವಾಗಿ ಮುತ್ತೈದೆಯ ಕಣ್ಣೀರು ಕಂಡಿತೇ?

ಈ ಪ್ರಶ್ನೆಯನ್ನು ಹಿಡಿದು ನಾವು ಕರಾವಳಿಯಿಂದ ಘಟ್ಟವನ್ನೇರಿ ಚಾಮರಾಜನಗರ, ಗುಂಡ್ಲುಪೇಟೆ ಮತ್ತು ಬಂಡೀಪುರದ ಸೀಮೆಗೆ ಬರುತ್ತೇವೆ. ಪತಿವ್ರತೆಯ ಧರ್ಮವನ್ನು ಕನ್ನಡದಲ್ಲಿ ಹಾಡಿದ ಕವಯಿತ್ರಿ ಈ ಸೀಮೆಯವಳು. ಬಂಡೀಪುರದ ಕಾಡನ್ನು ದಾಟಿ ನೀಲಗಿರಿಗೆ ಏರುವ ದಾರಿಯ ಆ ತುದಿಯಲ್ಲಿ ಭಾರತದ ಮೊದಲ ಕ್ರೈಸ್ತ ಕಾದಂಬರಿಗಾರ್ತಿಯರಲ್ಲಿ ಒಬ್ಬಳು ಕೆಲವು ಕಾಲ ಬಾಳಿದಳು. ಗಂಡ ಬದುಕಿರುವಾಗಲೇ ಅವನ ಮಾತಿಗೆ ಒಪ್ಪದೆ ನಿಂತ ಹೆಣ್ಣೊಬ್ಬಳ ಕಥೆಯನ್ನು ಕಂಸಾಳೆಯ ಹಾಡುಗಾರರು ಹಾಡುತ್ತ ಬಂದಿರುವುದೂ ಇದೇ ಸೀಮೆಯಲ್ಲಿ. ಈ ಮೂವರನ್ನು ಇಂದಿರೆಯ ಜೊತೆಯಲ್ಲಿ ನಿಲ್ಲಿಸಿ ನೋಡಿದಾಗ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕೀತೆಂದು ನಾವು ನಂಬುತ್ತೇವೆ.

2. ಸೀಮೆ ಮತ್ತು ಕಾನೂನು

ಯಳಂದೂರಿನ ಸಂಚಿ ಹೊನ್ನಮ್ಮ ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳಾಗಿದ್ದಳು. ಅವಳ ‘ಹದಿಬದೆಯ ಧರ್ಮ’ ಸಾಂಗತ್ಯದಲ್ಲಿರುವ ಕೃತಿ. ಗಂಡನೇ ದೈವವೆಂದು ಬಗೆದು ನಡೆಯುವ ಹೆಂಡತಿಯ ನಡೆನುಡಿಗಳನ್ನು ಅದು ವಿಧಿಸುತ್ತದೆ. ಅದೇ ಕೃತಿಯಲ್ಲಿ ಹೊನ್ನಮ್ಮ ಹೆಣ್ಣನ್ನು ಹೀಗಳೆಯುವವರನ್ನು ತಡೆದು ನಿಲ್ಲಿಸಿ, ಹೆತ್ತವಳೂ ಹೆಣ್ಣೇ, ಸಾಕಿದವಳೂ ಹೆಣ್ಣೇ ಎಂಬ ಅರ್ಥದ ಮಾತನ್ನಾಡುತ್ತಾಳೆ. ಹೆಣ್ಣಿನ ಗೌರವಕ್ಕಾಗಿ ಎತ್ತಿದ ದನಿಯೂ ಗಂಡನಿಗೆ ವಿಧೇಯಳಾಗಿರಬೇಕೆಂಬ ಬೋಧೆಯೂ ಒಬ್ಬಳೇ ಹೆಣ್ಣಿನ ಬಾಯಿಂದ ಬಂದಿವೆ. ಮುಂದಿನ ಶತಮಾನಗಳ ಬರಹಗಳಲ್ಲಿ ಈ ಇಬ್ಬಂದಿತನವು ಮತ್ತೆ ಮತ್ತೆ ತಲೆದೋರುವುದನ್ನು ನಾವು ಕಾಣುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಗುಂಡ್ಲುಪೇಟೆ ಮತ್ತು ಚಾಮರಾಜನಗರ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಇಂದು ಅದೇ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಂಡೀಪುರದ ಕಾಡಿನಾಚೆಯ ನೀಲಗಿರಿಯೂ ವಯನಾಡೂ ಮದ್ರಾಸ್ ಪ್ರಾಂತ್ಯದವು. ಹೀಗೆ ಒಂದೇ ನುಡಿ, ಒಂದೇ ಜಾತ್ರೆ, ಒಂದೇ ಕೊಳುಕೊಡುಗೆಯ ಜನರ ನಡುವೆ ಎರಡು ಸರ್ಕಾರಗಳ ಗಡಿ ಹಾದುಹೋಗಿತ್ತು.

1894ರಲ್ಲಿ ಮೈಸೂರು ಸರ್ಕಾರ ಬಾಲ್ಯವಿವಾಹ ನಿಷೇಧದ ನಿಬಂಧನೆಯೊಂದನ್ನು ಜಾರಿಗೆ ತಂದಿತು. 8 ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ತಡೆಯಿತು. ಬ್ರಿಟಿಷ್ ಭಾರತದಲ್ಲಿ 1891ರ ಕಾಯಿದೆಯು ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತ್ತಾದರೂ ಮದುವೆಗೆ ಕನಿಷ್ಠ ವಯಸ್ಸನ್ನು ಎಲ್ಲರಿಗೂ ಅನ್ವಯಿಸುವಂತೆ ಗೊತ್ತುಪಡಿಸಲು 1929ರ ಶಾರದಾ ಕಾಯಿದೆಯವರೆಗೆ ಕಾಯಬೇಕಾಯಿತು. ಗಡಿಯ ಈಚೆ ಅಪರಾಧವಾದದ್ದು ಆಚೆ ಅಪರಾಧವಲ್ಲ ಎಂಬ ಸ್ಥಿತಿ ಹೀಗೆ ಉಂಟಾಯಿತು.

ಇಂದು 8 ಎಂಬ ಅಂಕಿಯನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅಷ್ಟನ್ನು ವಿಧಿಸುವುದಕ್ಕೂ ಅಂದು ಧೈರ್ಯ ಬೇಕಾಗಿತ್ತೆಂಬುದು ಆ ಕಾಲದ ದಾಂಪತ್ಯದ ಬಗ್ಗೆ ಹೇಳಬೇಕಾದುದನ್ನೆಲ್ಲ ಹೇಳುತ್ತದೆ. ಆದರೆ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಮಾತು ಬೇರೆ. ಮೈಸೂರಿನ ಕಾನೂನು ಮದುವೆಯ ಬಾಗಿಲಲ್ಲಿ ನಿಂತು ವಯಸ್ಸನ್ನು ಕೇಳಿತು. ಒಳಗೆ ಹೋದ ಹುಡುಗಿಯ ಪಾಡನ್ನು ಅದು ಕೇಳಲಿಲ್ಲ. ವಿಧವಾ ಪುನರ್ವಿವಾಹಕ್ಕೆ ಅವಕಾಶ ಕೊಟ್ಟ 1856ರ ಬ್ರಿಟಿಷ್ ಕಾಯಿದೆ ಮದುವೆಯಿಂದ ಹೊರಬಂದವಳನ್ನು ನೋಡಿತು. ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳಬೇಕೆಂದೂ ವಿಧಿಸಿತು. ಮದುವೆಗೆ ಮುಂಚಿನ ಹುಡುಗಿಯೂ ಮದುವೆ ಮುಗಿದ ವಿಧವೆಯೂ ಕಾನೂನಿನ ಕಣ್ಣಿಗೆ ಬಿದ್ದರು. ನಡುವೆ ಇದ್ದ ಹೆಂಡತಿ ಬೀಳಲಿಲ್ಲ.

3. ಇಂದಿರೆಯ ಬಿಡುಗಡೆ

ಕಾದಂಬರಿಯೂ ಇದೇ ಜಾಡಿನಲ್ಲಿ ನಡೆಯಿತೆಂಬುದು ನಮ್ಮ ವಾದ. ಇಂದಿರಾಬಾಯಿ ಭೀಮರಾಯ ಮತ್ತು ಅಂಬಾಬಾಯಿಯರ ಮಗಳು. ಚಿಕ್ಕಂದಿನಲ್ಲೇ ಮದುವೆಯಾಗಿ, ಗಂಡ ವಿಠಲರಾಯ ತೀರಿಕೊಂಡು ವಿಧವೆಯಾಗುತ್ತಾಳೆ. ಭಕ್ತಿಯ ಸೋಗಿನಲ್ಲಿ ಮೆರೆಯುವ ಸಂತಮಂಡಳಿಯ ಸೇವೆಗೆ ಅವಳನ್ನು ಒಪ್ಪಿಸಲು ಹೆತ್ತವರೇ ಮುಂದಾಗುತ್ತಾರೆ. ಆ ಮಂಡಳಿಯ ನಡತೆ ಎಂಥದೆಂಬುದನ್ನು ಕಾದಂಬರಿ ಮುಚ್ಚಿಡುವುದಿಲ್ಲ. ಇಂದಿರೆ ಮನೆ ಬಿಟ್ಟು ಅಮೃತರಾಯನ ಆಶ್ರಯಕ್ಕೆ ಬರುತ್ತಾಳೆ. ಅಲ್ಲಿ ಓದು ಕಲಿಯುತ್ತಾಳೆ. ಅಮೃತರಾಯನ ಆಶ್ರಯದಲ್ಲೇ ಬೆಳೆದು, ಇಂಗ್ಲೆಂಡಿಗೆ ಹೋಗಿ ಐ.ಸಿ.ಎಸ್. ಮುಗಿಸಿ ಬಂದ ಭಾಸ್ಕರನೊಡನೆ ಅವಳ ಪುನರ್ವಿವಾಹ ನಡೆಯುತ್ತದೆ.

ಈ ಕೃತಿಯ ಶಕ್ತಿಯನ್ನು ಕಡಿಮೆಯಾಗಿ ಕಾಣಬಾರದು. ಹೆಣ್ಣಿನ ಶೋಷಣೆಗೆ ಧರ್ಮದ ಹೆಸರು ಹೇಗೆ ಹೊದಿಕೆಯಾಗುತ್ತದೆಂಬುದನ್ನು ಹೊರಗಿನ ಟೀಕಾಕಾರನಂತೆ ನೋಡದೆ, ತನ್ನದೇ ಸಾರಸ್ವತ ಸಮಾಜದ ಒಳಗಿನಿಂದ ವೆಂಕಟರಾಯರು ತೋರಿಸಿದರು. ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಅವರಿಗೆ ಮನೆಯ ಗೋಡೆಗಳ ಹಿಂದೆ ನಡೆಯುವುದು ತಿಳಿಯದ ಸಂಗತಿಯಾಗಿರಲಾರದು. 1903ರಲ್ಲಿ ಐ.ಸಿ.ಎಸ್. ಅಧಿಕಾರಿ ಎಂ. ಇ. ಕೌಚ್‌ಮನ್ ಇದನ್ನು ಇಂಗ್ಲಿಷಿಗೆ ಅನುವಾದಿಸಿದ್ದೂ ಆಶ್ಚರ್ಯವಲ್ಲ.

ಆದರೆ ಕಥೆಯ ಕಟ್ಟನ್ನು ನೋಡೋಣ. ಇಂದಿರೆಯ ಶತ್ರುಗಳು ಯಾರು? ದುರಾಸೆಯ ತಂದೆ, ಮೌಢ್ಯದ ತಾಯಿ, ಕಪಟ ಸಂತರು. ಈ ಪಟ್ಟಿಯಲ್ಲಿ ಗಂಡನಿಲ್ಲ. ಮೊದಲ ಗಂಡ ಬೇಗನೆ ಮರೆಯಾಗುತ್ತಾನೆ. ಎರಡನೆಯವನು ವಿದ್ಯಾವಂತ, ಸಭ್ಯ, ಅಧಿಕಾರಸ್ಥ. ಅಮೃತರಾಯ ಮತ್ತು ಜಲಜಾಕ್ಷಿಯರದು ಆದರ್ಶ ದಾಂಪತ್ಯ. ಗಂಡ ಎಂಬವನು ಕಾದಂಬರಿಯಲ್ಲಿ ಒಂದೋ ಇಲ್ಲವಾಗಿರುತ್ತಾನೆ, ಇಲ್ಲವೇ ಒಳ್ಳೆಯವನಾಗಿರುತ್ತಾನೆ. ಹೀಗಾಗಿ ಗಂಡನ ಅಧಿಕಾರದ ಪ್ರಶ್ನೆ ಏಳುವುದೇ ಇಲ್ಲ. ಇಂದಿರೆ ಒಂದು ಆಶ್ರಯದಿಂದ ಇನ್ನೊಂದು ಆಶ್ರಯಕ್ಕೆ, ಕೆಟ್ಟ ಯಜಮಾನರಿಂದ ಒಳ್ಳೆಯ ಯಜಮಾನನ ಕಡೆಗೆ ಸಾಗುತ್ತಾಳೆ. ಸದ್ಧರ್ಮದ ವಿಜಯವು ಸದ್ಗೃಹಸ್ಥನ ವಿಜಯವಾಗುತ್ತದೆ.

ಕೃತಿಕಾರರು ಬರೆಯದೆ ಬಿಟ್ಟದ್ದಕ್ಕಾಗಿ ಅವರನ್ನು ದೂರುವುದು ವಿಮರ್ಶೆಯಾಗದು. ಆದರೆ ಯಾವುದನ್ನು ಬರೆಯಲು ಸಾಧ್ಯವಾಯಿತು, ಯಾವುದನ್ನು ಬರೆಯಲು ಸಾಧ್ಯವಾಗಲಿಲ್ಲ ಎಂಬುದನ್ನು ಗುರುತಿಸುವುದು ವಿಮರ್ಶೆಯ ಕರ್ತವ್ಯ.

4. ಕಮಲೆಯ ನಿರಾಕರಣೆ

ಬಂಡೀಪುರದಿಂದ ಮುದುಮಲೆಯ ಮೂಲಕ ಏರುವ ದಾರಿ ಉದಕಮಂಡಲವನ್ನು ತಲುಪುತ್ತದೆ. 1880ರ ದಶಕದಲ್ಲಿ ಕೃಪಾಬಾಯಿ ಸತ್ತಿಯನಾಥನ್ ತನ್ನ ಪತಿಯೊಡನೆ ಅಲ್ಲಿ ವಾಸವಾಗಿದ್ದು, ಮುಸಲ್ಮಾನ ಹೆಣ್ಣುಮಕ್ಕಳಿಗಾಗಿ ಶಾಲೆಯೊಂದನ್ನು ನಡೆಸಿದಳು. 1862ರಲ್ಲಿ ಅಹಮದ್‌ನಗರದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಅವಳು 1894ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲೇ ತೀರಿಕೊಂಡಳು. ಇಂಗ್ಲಿಷಿನಲ್ಲಿ ಬರೆದ ಅವಳ ಎರಡು ಕಾದಂಬರಿಗಳಲ್ಲಿ ‘ಸಗುಣಾ’ ಕ್ರೈಸ್ತ ಹೆಣ್ಣಿನ ಬಾಳನ್ನೂ, ‘ಕಮಲಾ’ ಹಿಂದೂ ಹೆಣ್ಣಿನ ಬಾಳನ್ನೂ ಚಿತ್ರಿಸುತ್ತವೆ.

ಕಮಲಾ ಬಾಲ್ಯದಲ್ಲೇ ಸೊಸೆಯಾಗಿ ಬರುತ್ತಾಳೆ. ಅತ್ತೆ ನಾದಿನಿಯರ ಕಾಟವನ್ನು ಸಹಿಸುತ್ತಾಳೆ. ಗಂಡ ಗಣೇಶನ ಮನಸ್ಸು ಬೇರೊಬ್ಬಳ ಕಡೆಗೆ ಹರಿಯುವುದನ್ನೂ ಕಾಣುತ್ತಾಳೆ. ಗಂಡ ಸತ್ತ ಮೇಲೆ, ಅವಳನ್ನು ಬಹುಕಾಲದಿಂದ ಪ್ರೀತಿಸುತ್ತಿದ್ದ ರಾಮಚಂದ್ರ ಮದುವೆಯ ಮಾತೆತ್ತುತ್ತಾನೆ. ಅವಳು ಒಪ್ಪುವುದಿಲ್ಲ. ತನ್ನ ಪಾಲಿಗೆ ಬಂದ ಸಂಪತ್ತನ್ನು ದೀನರ ಸೇವೆಗೆ ವಿನಿಯೋಗಿಸುತ್ತ ಬಾಳುತ್ತಾಳೆ.

ಇಂದಿರೆಯ ಪಕ್ಕದಲ್ಲಿ ಕಮಲೆ ಸಂಪ್ರದಾಯಕ್ಕೆ ಶರಣಾದವಳಂತೆ ತೋರಬಹುದು. ಲೇಖಕಿಯೂ ಅವಳ ನಿರ್ಧಾರದ ಹಿಂದೆ ಹಳೆಯ ಸಂಸ್ಕಾರದ ಬಿಗಿಯನ್ನು ಗುರುತಿಸುತ್ತಾಳೆ. ಆದರೂ ಗಂಡಿನ ಆಸರೆಯಿಲ್ಲದ ಹೆಣ್ಣಿನ ಬಾಳಿಗೂ ಅರ್ಥವಿದೆಯೆಂಬ ಮಾತು ಇಲ್ಲಿ ಮೆಲ್ಲಗೆ ಕೇಳಿಬರುತ್ತದೆ. ಇದನ್ನು ಬರೆದವಳು ಹೆಣ್ಣೆಂಬುದು ಕಾಕತಾಳೀಯವಲ್ಲ. ಮದುವೆಯನ್ನೇ ಹೆಣ್ಣಿನ ಕಥೆಯ ಮಂಗಳವೆಂದು ಕೃಪಾಬಾಯಿ ಬಗೆಯಲಿಲ್ಲ. ಆದರೆ ಕಮಲೆಯ ಸ್ವಂತ ನಿರ್ಧಾರವು ಪೂರ್ಣರೂಪ ತಾಳುವುದು ಇಲ್ಲಿಯೂ ಗಂಡನ ಮರಣಾನಂತರವೇ.

ಇದು ಭಾರತದ ಕಾದಂಬರಿಗಷ್ಟೇ ಸೇರಿದ ಮಿತಿಯೂ ಅಲ್ಲ. ಇಂಗ್ಲೆಂಡಿನ ಸಭಾಪಾಲಕರೊಬ್ಬರ ಮಗಳಾದ ಆ್ಯನ್ ಬ್ರಾಂಟೆ 1848ರಲ್ಲಿ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ ಕಾದಂಬರಿಯನ್ನು ಪ್ರಕಟಿಸಿದಳು. ಅದರ ನಾಯಕಿ ಹೆಲೆನ್ ಕುಡುಕ ಗಂಡನ ಮನೆಯನ್ನು ಮಗನೊಡನೆ ಬಿಟ್ಟು ಹೊರಟು, ಚಿತ್ರ ಬರೆದು ಮಾರಿ ಬದುಕುತ್ತಾಳೆ. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಹೆಂಡತಿಯ ಗಳಿಕೆ ಗಂಡನದು. ಮಗುವಿನ ಮೇಲಿನ ಹಕ್ಕೂ ಅವನದು. ಹೆಲೆನ್ ಮಾಡಿದ್ದು ಕಾನೂನಿನ ಪ್ರಕಾರ ಕಳವಿಗೆ ಸಮಾನ. ಅಷ್ಟು ದಿಟ್ಟ ಕೃತಿಯೂ ಕೊನೆಗೆ ಗಂಡನನ್ನು ಸಾಯಿಸಿ, ಸಾಯುವ ಮುನ್ನ ಹೆಂಡತಿಯಿಂದ ಅವನ ಶುಶ್ರೂಷೆ ಮಾಡಿಸಿ, ಆಮೇಲೆ ಅವಳಿಗೆ ಒಳ್ಳೆಯ ಗಂಡನೊಬ್ಬನನ್ನು ಕೊಡುತ್ತದೆ. ಮಂಗಳೂರು, ಉದಕಮಂಡಲ, ಯಾರ್ಕ್‌ಷೈರ್ ಮೂರೂ ಕಡೆಗಳಲ್ಲಿ ಕಾದಂಬರಿಯ ಬೀಗಕ್ಕೆ ಒಂದೇ ಕೀಲಿ: ಗಂಡನ ಸಾವು.

5. ಸಂಕಮ್ಮನ ಭಾಷೆ

ಈಗ ನಾವು ಅಚ್ಚಿನ ಲೋಕವನ್ನು ಬಿಟ್ಟು ಹಾಡಿನ ಲೋಕಕ್ಕೆ ಬರಬೇಕು. ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡು, ಕೊಳ್ಳೇಗಾಲದ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಾದೇಶ್ವರ ಕಾವ್ಯ ಹಲವು ‘ಸಾಲು’ಗಳಲ್ಲಿ ಹಬ್ಬಿದೆ. ಪಿ. ಕೆ. ರಾಜಶೇಖರ, ಕೇಶವನ್ ಪ್ರಸಾದ್ ಮೊದಲಾದವರು ಇದನ್ನು ಹಾಡುಗಾರರ ಬಾಯಿಂದ ಸಂಗ್ರಹಿಸಿ ಪ್ರಕಟಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಆದರೆ ಪರಂಪರೆ ಬಹಳ ಹಳೆಯದು. ವೆಂಕಟರಾಯರ ಕಾದಂಬರಿ ಅಚ್ಚಾಗುವ ಮೊದಲೇ ಬೆಳೆದು ನಿಂತಿದ್ದ ಈ ಹಾಡುಗಳಲ್ಲಿ ಹೆಣ್ಣಿನ ದಾಂಪತ್ಯವನ್ನು ಕುರಿತದ್ದು ‘ಸಂಕಮ್ಮನ ಸಾಲು’.

ಹಾಡುಗಾರರಿಂದ ಹಾಡುಗಾರರಿಗೆ ವಿವರ ಬದಲಾಗುತ್ತದೆ. ಕಥೆಯ ತಿರುಳು ಒಂದೇ. ಸೋಲಿಗರ ನೀಲಯ್ಯ ಜೇನಿಗಾಗಿ ಮಲೆಗೆ ಹೊರಡುತ್ತಾನೆ. ತಾನು ಬರುವವರೆಗೆ ಹೆಂಡತಿ ಪರಪುರುಷನನ್ನು ನೋಡಬಾರದೆಂದು, ಹಾಗೆಂದು ಅವಳು ಭಾಷೆ ಕೊಡಬೇಕೆಂದು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಕಾಡುತ್ತಾನೆ, ಹಿಂಸಿಸುತ್ತಾನೆ. ಅವಳು ಆಗಲೂ ಕೊಡುವುದಿಲ್ಲ. ಕೊನೆಗೆ ಉಟ್ಟ ಬಟ್ಟೆಯನ್ನೂ ಕಸಿದು, ಮಾಟಮಂತ್ರದ ಕಟ್ಟಿನಲ್ಲಿ ಅವಳನ್ನು ಕೆಡವಿ ಹೊರಡುತ್ತಾನೆ. ಅವಳ ಮೊರೆಗೆ ಮಾದೇಶ್ವರ ಬರುತ್ತಾನೆ, ಕಟ್ಟನ್ನು ಬಿಡಿಸುತ್ತಾನೆ, ಬಂಜೆಯೆನಿಸಿದ್ದ ಅವಳಿಗೆ ಮಕ್ಕಳ ವರ ಕೊಡುತ್ತಾನೆ. ಮರಳಿ ಬಂದ ಗಂಡ ಅವಳ ಶೀಲವನ್ನು ಶಂಕಿಸಿ ಸತ್ಯಪರೀಕ್ಷೆಗೆ ಒಡ್ಡುತ್ತಾನೆ, ಅವಳು ಗೆಲ್ಲುತ್ತಾಳೆ. ಅವಳ ಮಕ್ಕಳಾದ ಕಾರಯ್ಯ ಬಿಲ್ಲಯ್ಯರು ಮಾದಪ್ಪನ ಒಕ್ಕಲಾಗುತ್ತಾರೆ.

ಕನ್ನಡದಲ್ಲಿ ‘ಭಾಷೆ’ ಎಂದರೆ ನುಡಿಯೂ ಹೌದು, ಆಣೆಯೂ ಹೌದು. ನೀಲಯ್ಯ ಕೇಳಿದ್ದು ಆಣೆಯನ್ನು. ಸಂಕಮ್ಮ ತಡೆದುಕೊಂಡದ್ದು ತನ್ನ ನುಡಿಯನ್ನು. ಅವಳು ತಪ್ಪು ಮಾಡಬೇಕೆಂದು ಭಾಷೆಯನ್ನು ನಿರಾಕರಿಸಿದವಳಲ್ಲ. ಭಾಷೆ ಕೊಟ್ಟರೆ, ಅದನ್ನು ಕೇಳುವ ಹಕ್ಕು ಗಂಡನಿಗುಂಟೆಂದು ಒಪ್ಪಿದಂತೆ. ಕಾಡಿಗೆ ಹೊರಟವನು ಅವನು. ಎಲ್ಲಿ ಇರುತ್ತಾನೋ, ಯಾರೊಡನೆ ಇರುತ್ತಾನೋ ಅವಳಿಗೆ ತಿಳಿಯದು. ಆದರೂ ಭಾಷೆ ಕೊಡಬೇಕಾದವಳು ಅವಳೊಬ್ಬಳೇ. ದಾಂಪತ್ಯದ ಅಸಮತೆ ಇಷ್ಟು ಸರಳವಾಗಿ, ಇಷ್ಟು ನಿಖರವಾಗಿ ಬಯಲಾದದ್ದನ್ನು ನಾವು ಆ ಶತಮಾನದ ಕಾದಂಬರಿಗಳಲ್ಲಿ ಕಾಣೆವು. ಹೆಣ್ಣಿನ ಸಂಕಟಕ್ಕೆ ಇಲ್ಲಿ ಕಾರಣ ವೈಧವ್ಯವಲ್ಲ, ಕಪಟ ಸಂತರಲ್ಲ, ಅತ್ತೆಯಲ್ಲ. ಬದುಕಿರುವ ಗಂಡನೇ ಕಾರಣ. ಅವನು ಬದುಕಿರುವಾಗಲೇ ಹಾಡು ಹೆಣ್ಣಿನ ಪಕ್ಷ ವಹಿಸುತ್ತದೆ.

ಹಾಗೆಂದು ಹಾಡನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಅದನ್ನು ಹಾಡುವವರು ಗಂಡಸರು. ಬಿಡಿಸಲು ಬರುವ ದೈವವೂ ಗಂಡು. ಸಂಕಮ್ಮ ತನ್ನ ಸತ್ಯವನ್ನು ಪರೀಕ್ಷೆಯಲ್ಲಿ ಗೆದ್ದೇ ತೋರಿಸಬೇಕಾಗುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಕ್ರೌರ್ಯವನ್ನು ಸೋಲಿಗನ ಮೇಲೆ ಹೊರಿಸುವ ಈ ಹಾಡು ಸೋಲಿಗರ ಬಾಯಿಂದ ಬಂದದ್ದಲ್ಲ. ಕಾಡಿನ ಅಂಚಿನ ಬಯಲು ಜನರ ಒಕ್ಕಲು ಪರಂಪರೆಯದು. ಸೋಲಿಗರಲ್ಲಾದರೋ ಮೆಚ್ಚಿದ ಹುಡುಗ ಹುಡುಗಿ ಕಾಡಿಗೆ ಓಡಿಹೋಗಿ, ಮರಳಿ ಬಂದು, ಕುಲದ ಹಿರಿಯರಿಗೆ ತಪ್ಪುಕಾಣಿಕೆ ತೆತ್ತು ಸಂಸಾರ ಹೂಡುವ ರೂಢಿಯುಂಟು. ವಿಧವೆಯ ಮರುಮದುವೆಗೂ ಅಡ್ಡಿಯಿಲ್ಲ. ಗುಲ್ವಾಡಿಯವರು ಕಾದಂಬರಿಯಾಗಿ ಬರೆದು ವಾದಿಸಬೇಕಾಗಿದ್ದುದು ಈ ಕಾಡಿನ ಜನರಿಗೆ ವಾದದ ವಿಷಯವೇ ಆಗಿರಲಿಲ್ಲ. ತನ್ನ ಮನೆಯ ಹಿಂಸೆಯನ್ನು ಪರರ ಮನೆಯಲ್ಲಿ ಕಂಡು ಖಂಡಿಸುವುದು ಸುಲಭ. ಬಯಲಿನವನು ಅದನ್ನು ಕಾಡಿನಲ್ಲಿ ಕಂಡನು. ನಮ್ಮ ಸಭೆ ಅದನ್ನು ಎಲ್ಲಿ ಕಂಡಿತೆಂದು ಈಗ ಕೇಳಬೇಕು.

6. ನಮ್ಮ ಮನೆಯ ಕಾನೂನು

ಬ್ರಿಟಿಷ್ ಭಾರತದಲ್ಲಿ ಕ್ರೈಸ್ತರಿಗಾಗಿ ಮಾಡಿದ ಎರಡು ಕಾನೂನುಗಳನ್ನು ನೆನೆಯೋಣ. 1872ರ ಕ್ರೈಸ್ತ ವಿವಾಹ ಕಾಯಿದೆಯು ದೇಶೀಯ ಕ್ರೈಸ್ತರ ವಿಷಯದಲ್ಲಿ ಗಂಡಿಗೆ 16, ಹೆಣ್ಣಿಗೆ 13 ವರ್ಷ ಮೀರಿರಬೇಕೆಂದಿತು. ಆ ಕಾಲಕ್ಕೆ ಅದು ಮುಂದುವರಿದ ಹೆಜ್ಜೆಯೇ. ಆದರೆ 1869ರ ವಿಚ್ಛೇದನ ಕಾಯಿದೆಯಲ್ಲಿ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನೇ ಕಾರಣವಾಗಿಟ್ಟು ಬಿಡುಗಡೆ ಕೇಳಬಹುದಾಗಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಅವಳು ರುಜುವಾತುಪಡಿಸಬೇಕಾಗಿತ್ತು. ಬರೀ ಹೊಡೆತ ಬಡಿತ ಸಾಕಾದ ಕಾರಣವಾಗಿರಲಿಲ್ಲ. ಈ ಅಸಮತೆ ತೊಲಗಿದ್ದು 2001ರ ತಿದ್ದುಪಡಿಯಲ್ಲಿ. 132 ವರ್ಷಗಳ ಕಾಲ ಭಾಷೆಯ ಭಾರ ನಮ್ಮ ಮನೆಯಲ್ಲೂ ಸಂಕಮ್ಮನ ಮೇಲೆಯೇ ಇತ್ತು.

ಮುಂಬಯಿಯ ರುಖ್ಮಾಬಾಯಿಯ ಪ್ರಕರಣ ಇನ್ನೂ ಕಟುವಾದ ಪಾಠ. 11ನೆಯ ವಯಸ್ಸಿನಲ್ಲಿ ಮದುವೆಯಾಗಿದ್ದ ಅವಳು ಬೆಳೆದ ಮೇಲೆ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. ದಾದಾಜಿ ಭಿಕಾಜಿ 1884ರಲ್ಲಿ ದಾವೆ ಹೂಡಿದನು. ಗಂಡನ ಬಳಿಗೆ ಹೋಗಬೇಕು, ಇಲ್ಲವೇ 6 ತಿಂಗಳು ಸೆರೆವಾಸ ಅನುಭವಿಸಬೇಕೆಂದು 1887ರಲ್ಲಿ ತೀರ್ಪಾಯಿತು. ಅವಳು ಸೆರೆವಾಸಕ್ಕೆ ಸಿದ್ಧಳೆಂದಳು. 1888ರಲ್ಲಿ ಹಣ ತೆತ್ತು ರಾಜಿಯಾಯಿತು. ಮುಂದೆ ಅವಳು ವೈದ್ಯೆಯಾದಳು. ಗಂಡ ಬದುಕಿರುವಾಗ ಒಲ್ಲೆನೆಂದ ಹೆಣ್ಣು ಕಾದಂಬರಿಯಲ್ಲಿ ಇರಲಿಲ್ಲವಾದರೂ ಕಟಕಟೆಯಲ್ಲಿದ್ದಳು. ಅವಳ ವಿರುದ್ಧ ಬಳಸಲಾದ ‘ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ’ ಎಂಬ ದಾವೆ ಹಿಂದೂ ಶಾಸ್ತ್ರದ್ದಲ್ಲ. ಅದು ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಲ್ಲಿ ಹುಟ್ಟಿ ಇಲ್ಲಿಗೆ ಬಂದದ್ದು. ಹಿಂದೂ ಹೆಣ್ಣಿನ ದುಃಸ್ಥಿತಿಯ ಬಗ್ಗೆ ಮಿಶನರಿಗಳು ಮರುಗಿ ಬರೆಯುತ್ತಿದ್ದ ಕಾಲದಲ್ಲೇ, ಚರ್ಚಿನ ಉಗ್ರಾಣದಿಂದ ಬಂದ ಹಗ್ಗವೊಂದು ಅವಳನ್ನು ಕಟ್ಟಲು ಒದಗಿತು. ಇಂಗ್ಲಿಷ್ ಸಭೆಯ 1662ರ ವಿವಾಹವಿಧಿಯಲ್ಲಿಯೂ ವಿಧೇಯತೆಯ ಮಾತನ್ನು ಆಡಬೇಕಾದವಳು ವಧುವೇ ಹೊರತು ವರನಲ್ಲ.

7. ಸತ್ಯವೇದದ ಮುಂದೆ

ಸಂಕಮ್ಮನ ಕಥೆಯನ್ನು ಕೇಳಿದ ಕಿವಿಯಿಂದ ಅರಣ್ಯಕಾಂಡದ ಐದನೆಯ ಅಧ್ಯಾಯವನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಹೆಂಡತಿಯ ಮೇಲೆ ಸಂಶಯಗೊಂಡ ಗಂಡ ಅವಳನ್ನು ಯಾಜಕನ ಬಳಿಗೆ ಕರೆತರುತ್ತಾನೆ. ಅವಳಿಂದ ಆಣೆ ಮಾಡಿಸಿ, ಆಮೆನ್ ಎನ್ನಿಸಿ, ಶಾಪದ ಅಕ್ಷರಗಳನ್ನು ತೊಳೆದ ಕಹಿನೀರನ್ನು ಕುಡಿಸಲಾಗುತ್ತದೆ. ಅವಳು ನಿರಪರಾಧಿಯೆಂದು ತೋರಿಬಂದರೂ ಸಂಶಯಪಟ್ಟವನಿಗೆ ದಂಡನೆಯಿಲ್ಲ. ನ್ಯಾಯಸ್ಥಾಪಕರು ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ ಯೆಪ್ತಾಹನು ಹರಕೆ ಹೊರುತ್ತಾನೆ. ಅದರ ಬೆಲೆ ತೆರುವವಳು ಮಗಳು. ಗಂಡಸು ಕೇಳುವ ಆಣೆಗೂ ಗಂಡಸು ಇಡುವ ಆಣೆಗೂ ಹೆಣ್ಣಿನ ಮೈಯೇ ಒತ್ತೆಯಾಗುವುದು ನಮ್ಮ ಗ್ರಂಥದಲ್ಲೂ ಉಂಟು. ಇದನ್ನು ಮರೆಮಾಚಿ ಪರರ ಪುರಾಣವನ್ನು ಟೀಕಿಸುವ ಅಧಿಕಾರ ನಮಗಿಲ್ಲ.

ಅದೇ ಗ್ರಂಥದಲ್ಲಿ ಇನ್ನೊಂದು ದನಿಯೂ ಇದೆ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಕರ್ತನ ಮಾತುಗಳು ಸಾಗುವ ಕ್ರಮವನ್ನು ಗಮನಿಸಬೇಕು. ಮೊದಲು ವ್ಯಭಿಚಾರವನ್ನು ಗಂಡಸಿನ ಕಣ್ಣಿನಲ್ಲಿ, ಅವನ ಹೃದಯದಲ್ಲಿ ಗುರುತಿಸುತ್ತಾನೆ. ಬಳಿಕ ಹೆಂಡತಿಯನ್ನು ತ್ಯಾಗಪತ್ರ ಕೊಟ್ಟು ಕಳುಹಿಸಿಬಿಡುವ ಗಂಡಸಿನ ಸಲೀಸನ್ನು ತಡೆಯುತ್ತಾನೆ. ಅದರ ಬೆನ್ನಿಗೇ ಆಣೆಯನ್ನು ನಿಷೇಧಿಸುತ್ತಾನೆ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂಬ ಸರಳ ನುಡಿ ಸಾಕೆನ್ನುತ್ತಾನೆ. ವ್ಯಾಖ್ಯಾನಕಾರರು ಸಾಮಾನ್ಯವಾಗಿ ಇವುಗಳನ್ನು ಬೇರೆ ಬೇರೆ ಉಪದೇಶಗಳೆಂದು ಓದುತ್ತಾರೆ. ಸಂಕಮ್ಮನ ಸೀಮೆಯಿಂದ ಓದುವ ನಮಗೆ ಅವು ಒಂದಕ್ಕೊಂದು ಹೆಣೆದುಕೊಂಡು ಕಾಣುತ್ತವೆ. ಸಂಶಯವು ಗಂಡಸಿನ ಕಣ್ಣಿನಲ್ಲಿ ಹುಟ್ಟುತ್ತದೆ, ಅವನ ಅಧಿಕಾರದಲ್ಲಿ ಬೆಳೆಯುತ್ತದೆ, ಆಣೆಯ ರೂಪದಲ್ಲಿ ಹೆಣ್ಣಿನ ಕೊರಳಿಗೆ ಬೀಳುತ್ತದೆ. ಕರ್ತನು ಮೂರನ್ನೂ ಒಂದೊಂದಾಗಿ ಕಳಚುತ್ತಾನೆ. ಯೋಹಾನನ ಎಂಟನೆಯ ಅಧ್ಯಾಯದಲ್ಲಿ ಒಬ್ಬಳನ್ನೇ ಎಳೆತಂದು ನಿಲ್ಲಿಸಿದವರ ಮುಂದೆಯೂ ಆತನು ಅವಳಿಂದ ಭಾಷೆಯನ್ನು ಕೇಳಲಿಲ್ಲ. ಕಲ್ಲು ಹಿಡಿದವರನ್ನು ತಮ್ಮ ಒಳಗನ್ನು ನೋಡಿಕೊಳ್ಳಲು ಹೇಳಿದನು.

ಮಾದಪ್ಪನನ್ನು ಕ್ರಿಸ್ತನ ಛಾಯೆಯೆಂದು ಓದುವ ಆತುರ ನಮಗಿಲ್ಲ. ಅದು ಆ ಒಕ್ಕಲಿನವರ ನಂಬಿಕೆಗೂ ನಮ್ಮ ನಂಬಿಕೆಗೂ ಅಗೌರವ. ನಾವು ಕಲಿಯುವುದು ಸಂಕಮ್ಮನಿಂದ. ನಂಬಿಕೆಯಿರುವಲ್ಲಿ ಆಣೆ ಬೇಡ, ಆಣೆ ಬೇಕಾದಲ್ಲಿ ನಂಬಿಕೆಯಿಲ್ಲ ಎಂಬುದನ್ನು ಅವಳು ಬಾಳಿ ತೋರಿಸಿದಳು. ಪರ್ವತಪ್ರಸಂಗದ ಆ ವಾಕ್ಯಕ್ಕೆ ಇದಕ್ಕಿಂತ ಉತ್ತಮ ಕನ್ನಡ ವ್ಯಾಖ್ಯಾನವನ್ನು ನಾವು ಅರಿಯೆವು.

8. ಸಭೆಯ ಕೆಲಸ

ಇದರಿಂದ ಸಭಾಸೇವೆಗೆ ಏನು ಫಲ? ಹೊಡೆತ ತಿಂದ ಹೆಂಡತಿ ಸಭಾಪಾಲಕನ ಬಳಿ ಬಂದಾಗ ತಾಳ್ಮೆಯ ಉಪದೇಶವೇ ಮೊದಲ ಮಾತಾಗುವುದು ನಮ್ಮಲ್ಲಿ ಇಂದಿಗೂ ಅಪರೂಪವಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಹೆಂಡತಿಯರಿಗೆ ಹೇಳಿದ ಮಾತನ್ನು ನೆನಪಿಸುತ್ತೇವೆ. ಅದರ ಹಿಂದಿನ ವಚನದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಒಳಗಾಗಿರಬೇಕೆಂದು ಹೇಳಿದ್ದನ್ನು ಮರೆಯುತ್ತೇವೆ. ಮನೆಯೊಳಗಿನ ಹಿಂಸೆಯಿಂದ ಹೆಣ್ಣಿಗೆ ರಕ್ಷಣೆ ಕೊಡುವ 2005ರ ಕಾಯಿದೆಯನ್ನು ವಿವಾಹಪೂರ್ವ ಬೋಧನೆಯಲ್ಲಿ ವಧೂವರರಿಬ್ಬರಿಗೂ ತಿಳಿಸುವುದು ಸಭೆಗೆ ಕಷ್ಟದ ಕೆಲಸವಲ್ಲ. ಗಂಡನ ಹಿಂಸೆಯ ದೂರು ಬಂದಾಗ ಮೊದಲ ಪ್ರಶ್ನೆಯನ್ನು ಹೆಂಡತಿಯ ನಡತೆಯ ಬಗ್ಗೆ ಕೇಳುವುದಿಲ್ಲವೆಂದು ಸಭಾಪಾಲಕರು ನಿಶ್ಚಯಿಸಿಕೊಂಡರೆ ಅದೊಂದೇ ದೊಡ್ಡ ಸುಧಾರಣೆ. ಅಂಥ ಪ್ರಶ್ನೆ ನೀಲಯ್ಯನ ಪ್ರಶ್ನೆ. ಯಾಜಕನ ಕಹಿನೀರಿನ ಬಟ್ಟಲು.

ದೈವಜ್ಞಾನದ ವಿದ್ಯಾರ್ಥಿಗಳು ‘ಇಂದಿರಾಬಾಯಿ’ಯನ್ನು ಓದಬೇಕು. ನಮ್ಮ ಪೂರ್ವಿಕರ ಮುದ್ರಣಾಲಯವು ನಾಡಿಗೆ ಸಲ್ಲಿಸಿದ ಸೇವೆಯನ್ನು ಅವರು ಅರಿಯಬೇಕು. ಜೊತೆಗೆ ಮಿಶನ್ನಿನ ಅಚ್ಚಿಗೆ ಬರದೆ ದೇವರಗುಡ್ಡರ ಕೊರಳಲ್ಲಿ ಉಳಿದುಬಂದ ಹಾಡನ್ನೂ ಅವರು ಕೇಳಬೇಕು. ಮೊದಲನೆಯದು ಗಂಡ ಸತ್ತ ಹೆಣ್ಣಿಗೆ ಮನೆಯ ಬಾಗಿಲನ್ನು ತೆರೆಯಿತು. ಗಂಡ ಬದುಕಿರುವ ಹೆಣ್ಣಿನ ಮಾತನ್ನು, ಅವಳ ಮೌನವನ್ನೂ ಸೇರಿಸಿ, ಎರಡನೆಯದು ನಮ್ಮ ಕಿವಿಗೆ ಮುಟ್ಟಿಸುತ್ತದೆ. ಅವಳು ಇಂದಿಗೂ ನಮ್ಮ ಸಭೆಗಳ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಅವಳನ್ನು ಭಾಷೆ ಕೇಳದೆ ನಂಬುವುದು ನಮ್ಮಿಂದ ಆಗಬೇಕಾದ ಮೊದಲ ಕೆಲಸ.